ಕಾರಿಗೆ ಯಾವ ಆಂಪ್? ಕಾರವಾರದ ಉಪ್ಪುಗಾಳಿ, ಶಿರಸಿಯ ಮಳೆ ಎರಡನ್ನೂ ಲೆಕ್ಕಕ್ಕೆ ಹಿಡಿದು

ಶಿರಸಿಯ ಭಾವ ಹೋದ ತಿಂಗಳು ಒಂದು ಫೋಟೋ ಕಳಿಸಿದರು. ಕಾರಿನ ಆಂಪ್ಲಿಫೈಯರ್, ಅಂದರೆ ಸ್ಟೀರಿಯೋದ ಸದ್ದಿಗೆ ಬಲ ಕೊಡುವ ಆಂಪ್, ಅದರ ಡಬ್ಬದ ಫೋಟೋ. ಕೆಳಗೆ ಒಂದೇ ಸಾಲು: "ಸಾವಿರ ವಾಟ್ ಹೇಳಿ ಬರದ್ದು ಭಾವ, ತಗಳಲಕ್ಕಾ?" ಬೇಡ ಅಂದೆ. ಯಾಕೆ ಬೇಡ, ಹಾಗಾದರೆ ಯಾವುದು ಬೇಕು ಅಂತ ಹೇಳುವುದರೊಳಗೆ ಫೋನಿನಲ್ಲಿ ಒಂದು ಗಂಟೆ ಕಳೆಯಿತು. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಾನಿರುವುದು ಕಾರವಾರದಲ್ಲಿ, ಸಮುದ್ರದ ಸದ್ದು ಮನೆಗೆ ಕೇಳುವಷ್ಟು ಹತ್ತಿರ. ಭಾವ ಇರುವುದು ಘಟ್ಟದ ಮೇಲೆ. ಇಬ್ಬರದ್ದೂ ಸಣ್ಣ ಹ್ಯಾಚ್‌ಬ್ಯಾಕ್ ಕಾರು. ಆದರೂ ಇಬ್ಬರಿಗೂ ಒಂದೇ ಉತ್ತರ ಹೊಂದುವುದಿಲ್ಲ.

ಮೊದಲು ಆ ಸಾವಿರ ವಾಟ್ ಮಾತು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಇರುವುದು ಮ್ಯಾಕ್ಸ್ ವಾಟ್. ಕಣ್ಣುಮುಚ್ಚಿ ತೆರೆಯುವಷ್ಟು ಹೊತ್ತಿನ ಲೆಕ್ಕ ಅದು. ನೋಡಬೇಕಾದ್ದು ಆರ್‌ಎಂಎಸ್ ವಾಟ್, ಅಂದರೆ ಆಂಪ್ ದಣಿಯದೆ ಒಂದೇ ಸಮ ಕೊಡುವ ಶಕ್ತಿ. ಜೊತೆಗೆ ಬರುವ ಪುಸ್ತಕದಲ್ಲಿ ಸಿಟಿಎ-2006 (ಆಂಪ್ ಶಕ್ತಿ ಅಳೆಯುವ ಒಂದು ಮಾನದಂಡ) ಅಂತ ಇದ್ದರೆ ಅಲ್ಲಿನ ಸಂಖ್ಯೆಯ ಮೇಲೆ ಭರವಸೆ ಇಡಬಹುದು. 14.4 ವೋಲ್ಟ್ ಕೊಟ್ಟು, 4 ಓಮ್ ಲೋಡ್ (ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ ಓಮ್) ಇಟ್ಟು, ಸದ್ದು ಶೇ. 1ಕ್ಕಿಂತ ಜಾಸ್ತಿ ಕೆಡದಂತೆ ಅಳೆದ ಶಕ್ತಿ ಅದು. ಹಾಗೆ ಬರೆದಿಲ್ಲ ಅಂದರೆ ಆಂಪ್‌ನ ಪಕ್ಕದಲ್ಲಿ ಸಿಕ್ಕಿಸಿರುವ ಫ್ಯೂಸ್ ನೋಡಿ. ಭಾವನ ಫೋಟೋದಲ್ಲಿ 30 ಆಂಪಿಯರ್ ಫ್ಯೂಸ್ ಕಾಣುತ್ತಿತ್ತು. ಗಾಡಿ ಓಡುವಾಗ ಸಿಗುವುದು 13.8 ವೋಲ್ಟ್ ಆಸುಪಾಸು. ಎರಡನ್ನೂ ಗುಣಿಸಿದರೆ 414 ವಾಟ್. ಅದು ಆಂಪ್ ಒಳಗೆ ಹೋಗುವ ಶಕ್ತಿ. ಬಿಸಿಯಾಗಿ ಹಾರಿಹೋಗುವ ಪಾಲು ಕಳೆದರೆ, ಒಳ್ಳೆಯ ಆಂಪ್ ಆದರೂ ಹೊರಗೆ ಬರುವುದು 330 ವಾಟ್ ಸುತ್ತಮುತ್ತ. ಸಾವಿರ ಎಲ್ಲಿಂದ ಬರಬೇಕು?

ಕಾರಿನ ಸ್ಟೀರಿಯೋಗೂ ಇದೇ ಮಾತು. ಚಾನೆಲ್‌ಗೆ, ಅಂದರೆ ಒಂದೊಂದು ಸ್ಪೀಕರ್‌ಗೆ, 50 ವಾಟ್ ಅಂತ ಮುಖದ ಮೇಲೆ ಬರೆದಿರುತ್ತದೆ. ಸದ್ದು ಒಡೆಯದೆ ಸಿಗುವುದು 15ರಿಂದ 20 ವಾಟ್.

ಆಂಪ್ ಬೇಕೇ ಬೇಕಾ?

ಎಲ್ಲರಿಗೂ ಬೇಡ. ಬೆಳಿಗ್ಗೆ ಕಾರವಾರ ಆಕಾಶವಾಣಿ, ಸಂಜೆ ನಾಲ್ಕು ಹಳೆಯ ಹಾಡು ಕೇಳುವವರು ಮುಂದಿನ ಬಾಗಿಲಿನ ಸ್ಪೀಕರ್ ಮಾತ್ರ ಬದಲಿಸಿದರೆ ಸಾಕು. ಆಗ ಸ್ಪೀಕರ್‌ನ ಸೆನ್ಸಿಟಿವಿಟಿ ಎಷ್ಟು ಡೆಸಿಬಲ್ ಅಂತ ನೋಡಿ ಕೊಳ್ಳಿ. 87 ಇರುವ ಸ್ಪೀಕರ್‌ಗಿಂತ 90 ಇರುವುದು ಅದೇ ಸದ್ದನ್ನು ಅರ್ಧ ಶಕ್ತಿಯಲ್ಲಿ ಕೊಡುತ್ತದೆ. ಅಂದರೆ ಆಂಪ್ ಇಲ್ಲದೆಯೇ ನಿಮ್ಮ ಸ್ಟೀರಿಯೋ ಎರಡು ಪಟ್ಟು ಬಲವಾದ ಹಾಗೆ.

ಆಂಪ್ ಬೇಕಾಗುವುದು ಗಟ್ಟಿ ಕೇಳಲಿಕ್ಕೆ ಅಂತ ಹಲವರು ಅಂದುಕೊಂಡಿದ್ದಾರೆ. ನನ್ನ ಮಟ್ಟಿಗೆ ಅದು ಸುತ್ತಲಿನ ಸದ್ದಿನ ನಡುವೆ ಹಾಡು ಸ್ಪಷ್ಟವಾಗಿ ಕೇಳಲಿಕ್ಕೆ. ಜುಲೈ ತಿಂಗಳಲ್ಲಿ ದೇವಿಮನೆ ಘಟ್ಟ ಇಳಿಯುವಾಗ ಗಾಜು ಪೂರ್ತಿ ಏರಿಸಿರುತ್ತೇವೆ. ತಗಡಿನ ಮೇಲೆ ಮಳೆ, ಎದುರು ವೈಪರ್, ಎರಡನೇ ಗೇರಿನಲ್ಲಿ ಎಂಜಿನ್. ಆ ಗಲಾಟೆಯ ನಡುವೆ ಸ್ಟೀರಿಯೋದ 15 ವಾಟ್ ಅನ್ನು ಪೂರ್ತಿ ತಿರುಗಿಸಿದರೆ ಹಾಡು ಕರ್ಕಶ ಆಗುತ್ತದೆಯೇ ಹೊರತು ಕೇಳಿಸುವುದಿಲ್ಲ. ಅದೇ 60–70 ವಾಟ್ ಕೊಡಬಲ್ಲ ಆಂಪ್ ಇದ್ದರೆ ಸಾಹಿತ್ಯ ಅಕ್ಷರ ಅಕ್ಷರವಾಗಿ ಕಿವಿಗೆ ಬೀಳುತ್ತದೆ.

ಎಬಿ ಮತ್ತು ಡಿ

ಅಂಗಡಿಯಲ್ಲಿ ಎರಡು ಬಗೆ ತೋರಿಸುತ್ತಾರೆ. ಕ್ಲಾಸ್ ಎಬಿ ಹಳೆಯ ಕಾಲದಿಂದ ಬಂದದ್ದು. ದೊಡ್ಡದು, ಭಾರ, ಮೈತುಂಬ ರೆಕ್ಕೆಗಳಿರುವ ಅಲ್ಯೂಮಿನಿಯಂ. ಕ್ಲಾಸ್ ಡಿ ಪುಟ್ಟದು. ಹಿಂದೆ ಡಿ ಅಂದರೆ ಬಾಸ್‌ಗೆಂದೇ ಇರುವ ಸ್ಪೀಕರ್ ಆದ ಸಬ್‌ವೂಫರ್‌ಗೆ (ಸಬ್‌ಗೆ) ಮಾತ್ರ ಅನ್ನುತ್ತಿದ್ದರು, ಸಣ್ಣ ಸ್ವರಗಳು ಅದರಲ್ಲಿ ಒರಟಾಗಿ ಬರುತ್ತಿದ್ದವು. ಈಗಿನ ಫುಲ್ ರೇಂಜ್ ಡಿ ಆಂಪ್‌ಗಳಲ್ಲಿ ಆ ತೊಂದರೆ ನನ್ನ ಕಿವಿಗೆ ಕೇಳಿಸಿಲ್ಲ. ಎಬಿ ಕೇಳಲು ಮೃದು ಅನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನಮ್ಮ ಊರಿಗೆ ನಾನು ಡಿ ಅನ್ನೇ ಹೇಳುತ್ತೇನೆ. ಕಾರಣ ಬಿಸಿ.

300 ವಾಟ್ ಹೊರಗೆ ಕೊಡಬೇಕು ಅಂದುಕೊಳ್ಳಿ. ಡಿ ಸುಮಾರು ಶೇ. 80ರಷ್ಟನ್ನು ಸದ್ದಾಗಿ ಮಾಡುತ್ತದೆ, 75 ವಾಟ್ ಬಿಸಿಯಾಗಿ ಹೋಗುತ್ತದೆ. ಎಬಿ ಶೇ. 55ರ ಹತ್ತಿರ ನಿಲ್ಲುತ್ತದೆ, 245 ವಾಟ್ ಬಿಸಿ. ಹಳೆಯ ಕಾಲದ 100 ವಾಟ್ ಬಲ್ಬ್ ಎರಡೂವರೆ ಹಚ್ಚಿ ಸೀಟಿನಡಿ ಇಟ್ಟ ಹಾಗೆ. ಪೂರ್ತಿ ಜೋರಿನಲ್ಲಿ ಯಾರೂ ಇಡೀ ದಿನ ಕೇಳುವುದಿಲ್ಲ, ನಿಜ. ಆದರೂ ಏಪ್ರಿಲ್‌ನಲ್ಲಿ ಕಾರವಾರದ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಗಾಳಿಯೇ ಆಡದ ಜಾಗದಲ್ಲಿ ಎಬಿ ಆಂಪ್ ಅರ್ಧ ಗಂಟೆಗೆ ತಾನಾಗಿ ಬಂದ್ ಆದದ್ದನ್ನು ನಾನು ನೋಡಿದ್ದೇನೆ. ಕೆಟ್ಟಿರಲಿಲ್ಲ, ಬಿಸಿಗೆ ಹೆದರಿ ನಿಂತಿತ್ತು. ಇನ್ನೊಂದು ಲೆಕ್ಕ ಬ್ಯಾಟರಿಯದ್ದು. ಅದೇ 300 ವಾಟ್‌ಗೆ ಡಿ ಎಳೆಯುವುದು 27 ಆಂಪಿಯರ್, ಎಬಿ ಎಳೆಯುವುದು 40ರ ಹತ್ತಿರ. ನಮ್ಮಂಥ ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಒಂದೇ ಒಂದು ಕಡೆ ಡಿ ಕಿರಿಕಿರಿ ಮಾಡಬಹುದು. ಧಾರವಾಡ ಆಕಾಶವಾಣಿಯನ್ನು ಈಗಲೂ ಮೀಡಿಯಂ ವೇವ್‌ನಲ್ಲಿ ಹಿಡಿಯುವವರಿದ್ದಾರೆ. ಡಿ ಆಂಪ್ ಒಳಗೆ ಬಹಳ ವೇಗವಾಗಿ ನಡೆಯುವ ಸ್ವಿಚ್ಚಿಂಗ್‌ನಿಂದ ಆ ಬ್ಯಾಂಡ್‌ನಲ್ಲಿ ಗೊರಗೊರ ಬರಬಹುದು. ಅಂಥವರು ಕೊಳ್ಳುವ ಮೊದಲು ಹಚ್ಚಿ ಕೇಳಿ.

ಎಷ್ಟು ಚಾನೆಲ್?

ಇಲ್ಲಿ ಹಣ ಸುಮ್ನೆ ಪೋಲಾಗುವುದು ಜಾಸ್ತಿ. ಹಿಂದಿನ ಸೀಟಿನ ಸ್ಪೀಕರ್‌ಗಳಿಗೂ ಆಂಪ್, ಅದರ ಮೇಲೆ ಸಬ್‌ವೂಫರ್‌ಗೆ ಬೇರೆ ಮೊನೋ (ಒಂದೇ ಚಾನೆಲ್‌ನ) ಆಂಪ್ ಅಂತ ಎರಡು ಡಬ್ಬ ಕೊಡಿಸುತ್ತಾರೆ. ಕಾರಿನಲ್ಲಿ ದಿನವೂ ಕೂರುವುದು ಮುಂದೆ ಇಬ್ಬರು, ಅಲ್ವಾ? ಹಿಂದಿನ ಸ್ಪೀಕರ್‌ಗಳಿಗೆ ಸ್ಟೀರಿಯೋದ 15 ವಾಟ್ ಧಾರಾಳ.

ಹಾಗಾಗಿ ಬಹುಪಾಲು ಜನರಿಗೆ ನನ್ನ ಆಯ್ಕೆ ಒಂದೇ ಒಂದು 4 ಚಾನೆಲ್ ಡಿ ಆಂಪ್, ಚಾನೆಲ್‌ಗೆ 70–75 ವಾಟ್ ಆರ್‌ಎಂಎಸ್. ಎರಡು ಚಾನೆಲ್ ಮುಂದಿನ ಬಾಗಿಲುಗಳಿಗೆ. ಉಳಿದೆರಡನ್ನು ಬ್ರಿಡ್ಜ್ ಮಾಡಿ, ಅಂದರೆ ಜೋಡಿಸಿ ಒಂದು ಮಾಡಿ, 8 ಅಥವಾ 10 ಇಂಚಿನ ಒಂದು ಸಬ್‌ಗೆ. ಬ್ರಿಡ್ಜ್ ಮಾಡಿದಾಗ 200 ವಾಟ್ ಮೇಲೆ ಸಿಗುತ್ತದೆ. ಒಂದು ಎಚ್ಚರಿಕೆ ಇದೆ. ಬ್ರಿಡ್ಜ್ ಮಾಡಿದ ಇಂಥ ಆಂಪ್‌ಗಳು ಸಾಮಾನ್ಯವಾಗಿ 4 ಓಮ್‌ಗಿಂತ ಕೆಳಗೆ ತಡೆಯುವುದಿಲ್ಲ. ಸಬ್ ಕೊಳ್ಳುವಾಗ ಸಿಂಗಲ್ ಕಾಯಿಲ್ (ಒಳಗೆ ಒಂದೇ ತಂತಿಸುರುಳಿ ಇರುವ) 4 ಓಮ್ ತಗೊಳ್ಳಿ. ಡಬಲ್ ಕಾಯಿಲ್ ಆದರೆ 2 ಓಮ್‌ನ ಎರಡು ಕಾಯಿಲ್ ಇರುವುದನ್ನು ತಂದು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದನ್ನು, ಜೋಡಿಸಿ, 4 ಓಮ್ ಆಗುತ್ತದೆ. 4 ಓಮ್‌ನ ಎರಡು ಕಾಯಿಲ್ ಇರುವ ಸಬ್ ತಂದರೆ 2 ಅಥವಾ 8 ಸಿಗುತ್ತದೆ, ಬೇಕಾದ 4 ಸಿಗುವುದೇ ಇಲ್ಲ.

5 ಚಾನೆಲ್ ಆಂಪ್ ಕುಟುಂಬದ ದೊಡ್ಡ ಗಾಡಿಗೆ ಚೆನ್ನ. ಒಂದೇ ಡಬ್ಬ, ಒಂದೇ ವೈರಿಂಗ್, ಹಿಂದಿನ ಸಾಲಿಗೂ ಸದ್ದು. ಬೇರೆ ಮೊನೋ ಆಂಪ್ ಬೇಕಾಗುವುದು 12 ಇಂಚಿನ ಸಬ್‌ಗೆ 400–500 ವಾಟ್ ಹರಿಸುವವರಿಗೆ. ಅವರು ವೈರು, ಬ್ಯಾಟರಿ, ಆಲ್ಟರ್ನೇಟರ್ ಎಲ್ಲದರ ಲೆಕ್ಕವನ್ನೂ ಹೊಸದಾಗಿ ಹಾಕಬೇಕು.

ಡಿಕ್ಕಿ ಬಿಟ್ಟುಕೊಡಲು ಆಗದವರಿಗೆ ಸೀಟಿನಡಿ ಕೂರುವ ಚಪ್ಪಟೆ ಸಬ್ ಇದೆ, ಆಂಪ್ ಅದರೊಳಗೇ ಇರುತ್ತದೆ. ಭಾವನ ಡಿಕ್ಕಿಯಲ್ಲಿ ಒಂದು ದಿನ ಅಡಿಕೆ ಚೀಲ, ಇನ್ನೊಂದು ದಿನ ಬಾಳೆಗೊನೆ. ದೊಡ್ಡ ಸಬ್ ಬಾಕ್ಸ್‌ಗೆ ಜಾಗವೇ ಇಲ್ಲ. ಎದೆಗೆ ಬಡಿಯುವ ಬಾಸ್ ಇದರಿಂದ ಬರುವುದಿಲ್ಲ. ಆದರೆ ಮದ್ದಳೆಗೆ ತುಂಬಿದ ದನಿ ಬರುತ್ತದೆ. ಅಷ್ಟು ಸಾಕು ಅನ್ನುವವರಿಗೆ ಇದು ಒಳ್ಳೆಯ ಆಯ್ಕೆ.

ಕಂಪನಿ ಸ್ಕ್ರೀನ್ ಇರುವ ಹೊಸ ಕಾರು

ಈಗಿನ ಕಾರುಗಳಲ್ಲಿ ಸ್ಟೀರಿಯೋ ತೆಗೆಯಲು ಆಗುವುದಿಲ್ಲ. ಹಿಂದಿನ ಕ್ಯಾಮೆರಾ, ಗಾಡಿಯ ಸೆಟ್ಟಿಂಗ್ ಎಲ್ಲ ಅದರಲ್ಲೇ ಇರುತ್ತದೆ. ಆಂಪ್‌ಗೆ ಸಿಗ್ನಲ್ ವೈರ್ ಸಿಕ್ಕಿಸಲು ಬೇಕಾದ ಆರ್‌ಸಿಎ ತೂತುಗಳೂ ಅದಕ್ಕೆ ಇರುವುದಿಲ್ಲ. ಆಗ ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತಗೊಳ್ಳುವ, ಹೈ ಲೆವೆಲ್ ಇನ್‌ಪುಟ್ ಇರುವ ಆಂಪ್ ಕೇಳಿ. ಇನ್ನೂ ಒಂದು ಮೆಟ್ಟಿಲು ಮೇಲೆ ಡಿಎಸ್‌ಪಿ, ಅಂದರೆ ಸದ್ದನ್ನು ತಿದ್ದಿ ಹೊಂದಿಸುವ ಚಿಪ್, ಇರುವ ಆಂಪ್. ಕಂಪನಿ ಸ್ಕ್ರೀನ್‌ಗಳಲ್ಲಿ ಹಲವು, ವಾಲ್ಯೂಮ್ ಏರಿಸಿದಂತೆ ಬಾಸ್ ಅನ್ನು ತಾವೇ ಕಡಿಮೆ ಮಾಡುತ್ತವೆ. ಬಾಗಿಲಿನ ಬಡಪಾಯಿ ಸ್ಪೀಕರ್ ಹರಿದುಹೋಗದಿರಲಿ ಅಂತ ಹಾಗೆ ಮಾಡಿರುತ್ತಾರೆ. ಡಿಎಸ್‌ಪಿ ಇದ್ದರೆ ಇದನ್ನು ಬಹಳ ಮಟ್ಟಿಗೆ ಸರಿಮಾಡಬಹುದು. ವೈರ್ ಕತ್ತರಿಸದೆ ಸಾಕೆಟ್‌ಗೆ ಸಾಕೆಟ್ ಕೂರುವ ಕಪ್ಲರ್ ಸಿಗುತ್ತದೆ. ವಾರಂಟಿ ಇರುವ ಕಾರಿಗೆ ಅದನ್ನೇ ಹಾಕಿಸಿ.

ವೈರು: ನಾನು ಕಲಿತದ್ದು ಇಲ್ಲಿ

ಎಂಟು ವರ್ಷದ ಹಿಂದೆ ನನ್ನ ಮೊದಲ ಆಂಪ್ ಹಾಕಿಸಿದಾಗ ಅಂಗಡಿಯವರೇ ಒಂದು ವೈರಿಂಗ್ ಕಿಟ್ ಕೊಟ್ಟರು. 4 ಗೇಜ್ ಅಂತ ಬರೆದಿತ್ತು (ಗೇಜ್ ಸಂಖ್ಯೆ ಕಡಿಮೆಯಾದಷ್ಟು ವೈರ್ ದಪ್ಪ). ದಪ್ಪ, ಕೆಂಪು, ನೋಡಲು ಚಂದ. ಎರಡನೇ ಮಳೆಗಾಲ ಮುಗಿಯುವಾಗ ಬಾಸ್ ಸೊರಗಿತು. ಜೋರು ಮಾಡಿದರೆ ಆಂಪ್ ಆರಿ ಆರಿ ಹತ್ತುತ್ತಿತ್ತು. ಆಂಪ್ ಹೋಯಿತು ಅಂದುಕೊಂಡೆ. ಮಲ್ಟಿಮೀಟರ್ ಹಿಡಿದು ನೋಡಿದರೆ ಬ್ಯಾಟರಿ ಮೇಲೆ 13.9 ವೋಲ್ಟ್, ಆಂಪ್ ಬಾಯಲ್ಲಿ 11.6. ನಡುವೆ ಎರಡು ವೋಲ್ಟ್ ಮಾಯ. ಬಾನೆಟ್ ಒಳಗಿನ ಫ್ಯೂಸ್ ಹೋಲ್ಡರ್ ಬಿಚ್ಚಿದೆ. ಹಸಿರು ಕಿಲುಬು, ಬಿಳಿ ಪುಡಿ. ವೈರಿನ ಎಳೆಗಳು ಕಡ್ಡಿಯ ಹಾಗೆ ಮುರಿಯುತ್ತಿದ್ದವು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ತೆಳುವಾಗಿ ತಾಮ್ರ, ಒಳಗೆಲ್ಲ ಬೆಳ್ಳಗೆ ಅಲ್ಯೂಮಿನಿಯಂ.

ಇದನ್ನು ಸಿಸಿಎ ವೈರ್ ಅನ್ನುತ್ತಾರೆ. ಅದೇ ದಪ್ಪದ ತಾಮ್ರಕ್ಕಿಂತ ಒಂದೂವರೆ ಪಟ್ಟು ಜಾಸ್ತಿ ತಡೆ ಒಡ್ಡುತ್ತದೆ. ಒಣ ಊರಿನಲ್ಲಿ ಹೇಗೋ ನಡೆಯುತ್ತದೆ. ಕಡಲತೀರದಲ್ಲಿ ಅಲ್ಯೂಮಿನಿಯಂ ಮತ್ತು ತಾಮ್ರ ಒಟ್ಟಿಗೆ ಇದ್ದು ಉಪ್ಪುನೀರಿನ ಪಸೆ ತಾಗಿದರೆ ಅದು ಸಣ್ಣ ಬ್ಯಾಟರಿಯ ಹಾಗೆಯೇ ಕೆಲಸ ಮಾಡುತ್ತದೆ. ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಮಾಜಾಳಿಯಿಂದ ಭಟ್ಕಳದವರೆಗೆ ಹೆದ್ದಾರಿ 66ರ ಮೇಲೆ ದಿನವೂ ಓಡುವ ಗಾಡಿಗೆ ಸಿಸಿಎ ಹಾಕಬೇಡಿ ಅಂತ ನಾನು ಕೈಮುಗಿದು ಹೇಳುತ್ತೇನೆ.

ಹಾಗಾದರೆ ಏನು? ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಒಎಫ್‌ಸಿ, ಅಂದರೆ ಪೂರ್ತಿ ತಾಮ್ರದ ವೈರ್ ಸಾಕು. ಅಲ್ಲಿ ಥಂಡಿ ಇದೆ, ಬೂಸ್ಟು ಇದೆ, ಉಪ್ಪು ಇಲ್ಲ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದವರು ಸಾಧ್ಯವಾದರೆ ತವರ ಲೇಪಿಸಿದ ತಾಮ್ರದ ವೈರ್ ತಗೊಳ್ಳಿ. ಪಾತ್ರೆಗೆ ಕಲಾಯಿ ಹಾಕಿದ ಹಾಗೆ ಎಳೆ ಎಳೆಗೂ ತವರ ಇರುತ್ತದೆ. ಬೋಟುಗಳಿಗೆ ಬಳಸುವ ಮರೈನ್ ವೈರ್ ಅಂತ ಕೇಳಿದರೆ ಗೊತ್ತಾಗುತ್ತದೆ. ಬೆಲೆ ಜಾಸ್ತಿ. ಆಂಪ್‌ನಲ್ಲಿ ಒಂದು ಮೆಟ್ಟಿಲು ಇಳಿದಾದರೂ ಈ ವೈರ್ ಕೊಳ್ಳಿ.

ದಪ್ಪದ ಲೆಕ್ಕ ಹೀಗೆ. ಬ್ಯಾಟರಿಯಿಂದ ಡಿಕ್ಕಿಗೆ 5 ಮೀಟರ್ ವೈರ್ ಹಿಡಿಯಿರಿ. 45 ಆಂಪಿಯರ್ ಹರಿದರೆ 8 ಗೇಜ್ ತಾಮ್ರದಲ್ಲಿ ಅರ್ಧ ವೋಲ್ಟ್ ಹತ್ತಿರ ಸೋರುತ್ತದೆ. 4 ಗೇಜ್‌ನಲ್ಲಿ 0.2 ವೋಲ್ಟ್ ಕೂಡ ಇಲ್ಲ. 300 ವಾಟ್ ಒಳಗಿನ ಡಿ ಆಂಪ್‌ಗೆ 8 ಗೇಜ್ ನಡೆಯುತ್ತದೆ, 500ಕ್ಕೆ 4 ಗೇಜ್ ಬೇಕು. ಮುಖ್ಯ ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಇರಬೇಕು. ಅದು ಆಂಪ್ ಉಳಿಸಲು ಇರುವುದಲ್ಲ, ವೈರ್ ಎಲ್ಲಾದರೂ ತಗಡಿಗೆ ಉಜ್ಜಿ ಶಾರ್ಟ್ ಆದರೆ ಕಾರಿಗೆ ಬೆಂಕಿ ಹತ್ತದಂತೆ ತಡೆಯಲು. ಎಂಜಿನ್ ಕಡೆಯಿಂದ ಒಳಗೆ ಬರುವ ತೂತಿಗೆ ರಬ್ಬರ್ ಬುಷ್ ಹಾಕಿದ್ದಾರಾ ಅಂತ ನೀವೇ ಬಗ್ಗಿ ನೋಡಿ.

ಅರ್ಥ್ ವೈರ್ ಅದೇ ದಪ್ಪದ್ದು, ಅರ್ಧ ಮೀಟರ್ ಒಳಗೆ. ಬಣ್ಣ ಕೆರೆದು ಹೊಳೆಯುವ ತಗಡು ಕಾಣಿಸಿಕೊಂಡು ಬೋಲ್ಟ್ ಬಿಗಿಯಬೇಕು. ಬಿಗಿದ ಮೇಲೆ ಗ್ರೀಸ್ ಸವರಿ ಮುಚ್ಚಿ. ಇಲ್ಲದಿದ್ದರೆ ಕೆರೆದ ಜಾಗದಿಂದಲೇ ತುಕ್ಕು ಶುರು. ಎಕ್ಸಲೇಟರ್ ಒತ್ತಿದಂತೆ ಸ್ಪೀಕರ್‌ನಲ್ಲಿ ಕುಂಯ್ ಅನ್ನುವ ಸದ್ದು ಏರುತ್ತಿದ್ದರೆ ಮೊದಲ ಅನುಮಾನ ಈ ಅರ್ಥ್ ಮೇಲೆಯೇ. ಎರಡನೆಯದು ಆರ್‌ಸಿಎ ವೈರ್ ಮತ್ತು ಪವರ್ ವೈರ್ ಒಂದೇ ಬದಿಯಲ್ಲಿ ಹೋಗಿರುವುದು. ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಎಳೆಸಿ.

ಆಂಪ್ ಇಡುವ ಜಾಗ? ಮುಂದಿನ ಎಡಸೀಟಿನಡಿ ಸುಲಭ ಅಂತ ಅಲ್ಲೇ ಇಡುತ್ತಾರೆ. ಏಸಿಯ ನೀರು ಹೊರಗೆ ಹೋಗುವ ಪೈಪ್ ಕಟ್ಟಿಕೊಂಡರೆ ನೀರು ಬಂದು ನಿಲ್ಲುವುದೂ ಆ ಬದಿಯ ಮ್ಯಾಟ್ ಕೆಳಗೇ. ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ ಒದ್ದೆ ಕಾಲು, ಒದ್ದೆ ಕೊಡೆಯ ನೀರೂ ಸೇರುತ್ತದೆ. ಸೀಟಿನಡಿಯೇ ಇಡಬೇಕಾದರೆ ಎರಡು ಇಂಚು ಎತ್ತರಕ್ಕೆ ಪ್ಲಾಸ್ಟಿಕ್ ಪಟ್ಟಿ ಕೊಟ್ಟು ಎತ್ತಿ ಕೂರಿಸಿ. ನಾನು ಇಟ್ಟಿರುವುದು ಹಿಂದಿನ ಸೀಟಿನ ಬೆನ್ನಿಗೆ. ಡಿಕ್ಕಿಯಲ್ಲಿ ಮೀನು ತರುವವರು ನೆಲದ ಮೇಲಂತೂ ಇಡಲೇಬೇಡಿ. ಸಬ್ ಬಾಕ್ಸ್ ಮೇಲೆ ತಿರುಪು ಹಾಕಿ ಕೂರಿಸುವುದೂ ಬೇಡ, ಆ ನಡುಕಕ್ಕೆ ಒಳಗಿನ ಬೆಸುಗೆ ಬಿಡುತ್ತದೆ. ತೆರೆದ ಜೀಪ್ ಇರುವವರಿಗೆ ಮರೈನ್ ಆಂಪ್ ಅಂತಲೇ ಬರುತ್ತದೆ, ಒಳಗಿನ ಬೋರ್ಡಿಗೆ ತೇವ ತಾಗದಂತೆ ಲೇಪ ಕೊಟ್ಟದ್ದು.

ಟ್ಯೂನಿಂಗ್: ಅಂಗಡಿಯವರಾ, ನೀವೇನಾ?

ಡಿಎಸ್‌ಪಿ ಇದ್ದರೆ ಮೈಕ್ ಹಿಡಿದು ಅಳೆಯಬಲ್ಲವರ ಹತ್ತಿರ ಹೋಗಿ. ಹುಬ್ಬಳ್ಳಿಗೋ ಗೋವಾಕ್ಕೋ ಹೋಗಬೇಕಾದರೂ ಪರವಾಗಿಲ್ಲ. ಬರೀ ಆಂಪ್ ಆದರೆ ನೀವೇ ಮಾಡಿ. ಅಂಗಡಿಯಲ್ಲಿ ಐದು ನಿಮಿಷದಲ್ಲಿ ಮುಗಿಸುತ್ತಾರೆ. ಇದು ಒಂದು ಭಾನುವಾರದ ಕೆಲಸ.

ಗೇನ್ ಅನ್ನುವ ಗುಂಡಿ ವಾಲ್ಯೂಮ್ ಅಲ್ಲ. ಸ್ಟೀರಿಯೋ ಕೊಡುವ ಸಿಗ್ನಲ್‌ಗೂ ಆಂಪ್‌ಗೂ ಹೊಂದಿಸುವ ಗುಂಡಿ. ಸ್ಟೀರಿಯೋದ ಆರ್‌ಸಿಎ 4 ವೋಲ್ಟ್ ಕೊಡುವುದಾದರೆ ಗೇನ್ ಕಡಿಮೆ ಸಾಕು, 2 ವೋಲ್ಟ್ ಆದರೆ ಜಾಸ್ತಿ ಬೇಕು. ಪೂರ್ತಿ ತಿರುಗಿಸಿದರೆ ಶಕ್ತಿ ಜಾಸ್ತಿ ಆಗುವುದಿಲ್ಲ. ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಸಣ್ಣ ಸ್ವರಗಳಿಗಿರುವ ಪುಟ್ಟ ಸ್ಪೀಕರ್, ಅಂದರೆ ಟ್ವೀಟರ್, ಸುಡುತ್ತದೆ.

ಕ್ರಮ ಇದು. ಸ್ಪೀಕರ್ ವೈರ್ ಬಿಚ್ಚಿ. ಸ್ಟೀರಿಯೋದ ಬಾಸ್, ಟ್ರೆಬಲ್ ಸೊನ್ನೆಗೆ, ಲೌಡ್‌ನೆಸ್ ಆಫ್. ಆಂಪ್‌ನ ಬಾಸ್ ಬೂಸ್ಟ್, ಫಿಲ್ಟರ್ ಎಲ್ಲ ಆಫ್. ಗೇನ್ ಪೂರ್ತಿ ಕೆಳಗೆ. ಎಂಜಿನ್ ಚಾಲೂ ಇರಲಿ, ಬಯಲಿನಲ್ಲಿ ನಿಲ್ಲಿಸಿ ಮಾಡಿ. ವಾಲ್ಯೂಮ್ ಮುಕ್ಕಾಲಿಗೆ ಇಡಿ, 40 ಇದ್ದರೆ 30. ಟೆಸ್ಟ್ ಟೋನ್ (ಒಂದೇ ಸ್ವರದ ರೆಕಾರ್ಡಿಂಗ್) ಹಚ್ಚಿ, ಮಲ್ಟಿಮೀಟರ್ ಎಸಿ ವೋಲ್ಟ್‌ನಲ್ಲಿಟ್ಟು ಆಂಪ್‌ನ ಸ್ಪೀಕರ್ ಬಾಯಿಗೆ ಹಿಡಿಯಿರಿ. ಅಗ್ಗದ ಮೀಟರ್‌ಗಳಲ್ಲಿ ಹಲವು 400 ಹರ್ಟ್ಜ್‌ವರೆಗೆ ಮಾತ್ರ ಸರಿಯಾಗಿ ಅಳೆಯುತ್ತವೆ, ಹಾಗಾಗಿ ಬಾಗಿಲಿನ ಚಾನೆಲ್‌ಗೆ 300 ಹರ್ಟ್ಜ್ ಟೋನ್, ಸಬ್‌ಗೆ 50 ಹರ್ಟ್ಜ್. ಎಷ್ಟು ವೋಲ್ಟ್ ಬರಬೇಕು? ವಾಟ್ ಅನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 75 ವಾಟ್, 4 ಓಮ್‌ಗೆ 17.3 ವೋಲ್ಟ್. ಬ್ರಿಡ್ಜ್ ಮಾಡಿದ 200 ವಾಟ್, 4 ಓಮ್‌ಗೆ 28.3. ಅಲ್ಲಿಗೆ ಬಂದ ಕೂಡಲೇ ಕೈ ನಿಲ್ಲಿಸಿ, ಕೂದಲೆಳೆಯಷ್ಟು ಹಿಂದೆ ತಿರುಗಿಸಿ. ಸ್ಪೀಕರ್ ತಡೆಯುವ ಶಕ್ತಿ ಆಂಪ್‌ಗಿಂತ ಕಡಿಮೆ ಇದ್ದರೆ ಸ್ಪೀಕರ್‌ನ ವಾಟ್ ಹಿಡಿದು ಲೆಕ್ಕ ಮಾಡಿ.

ಆಮೇಲೆ ಕ್ರಾಸ್‌ಓವರ್, ಅಂದರೆ ಯಾವ ಸ್ವರ ಯಾವ ಸ್ಪೀಕರ್‌ಗೆ ಅಂತ ಹಂಚುವುದು. ಹೈ ಪಾಸ್ ಅಂದರೆ ಹೇಳಿದ ಅಂಕಿಗಿಂತ ಮೇಲಿನ ಸ್ವರ ಮಾತ್ರ ಬಿಡುವುದು, ಲೋ ಪಾಸ್ ಅಂದರೆ ಕೆಳಗಿನದ್ದು ಮಾತ್ರ. ಬಾಗಿಲಿನವಕ್ಕೆ ಹೈ ಪಾಸ್ 80 ಹರ್ಟ್ಜ್, ಸಬ್‌ಗೆ ಲೋ ಪಾಸ್ 80. ಅಲ್ಲಿಂದ ಸ್ವಲ್ಪ ಆಚೀಚೆ ಮಾಡಿ ಕೇಳಿ. ಬಾಸ್ ಟ್ಯೂಬಿನಂಥ ತೂತಿರುವ ಬಾಕ್ಸ್ ಆದರೆ ತೀರಾ ಕೆಳಗಿನ ಸ್ವರ ತಡೆಯುವ ಸಬ್‌ಸಾನಿಕ್ ಫಿಲ್ಟರ್ ಹಾಕಲೇಬೇಕು. ಬಾಕ್ಸ್ ಅನ್ನು ಯಾವ ಸ್ವರಕ್ಕೆ ಹೊಂದಿಸಿ ಕಟ್ಟಿದ್ದಾರೋ ಅದಕ್ಕಿಂತ ಕೆಳಗೆ ಸಬ್‌ನ ಕೋನ್‌ಗೆ ಹಿಡಿತ ಇರುವುದಿಲ್ಲ. ಡ್ರೈವರ್ ಸೀಟಿನಲ್ಲಿ ಕೂತು ಫೇಸ್ ಸ್ವಿಚ್ 0ಗೂ 180ಕ್ಕೂ ಬದಲಿಸಿ, ಯಾವುದರಲ್ಲಿ ಬಾಸ್ ತುಂಬಿ ಕೇಳುತ್ತದೋ ಅದು ಸರಿ. ಸ್ಟೀರಿಯೋದಲ್ಲಿ ಟೈಮ್ ಡಿಲೇ ಇದ್ದರೆ ಬಳಸಿ. ಸದ್ದು ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಹೋಗುತ್ತದೆ. ಬಲಬಾಗಿಲು ಎಡಬಾಗಿಲಿಗಿಂತ 50 ಸೆಂಟಿಮೀಟರ್ ಹತ್ತಿರ ಇದ್ದರೆ ಬಲಗಡೆಯದನ್ನು 1.5 ಮಿಲಿಸೆಕೆಂಡ್ ತಡಮಾಡಿ.

ಕೊನೆಗೆ ಕಿವಿ. ನಾನು ಹಚ್ಚುವುದು ಬಡಗುತಿಟ್ಟಿನ ಯಕ್ಷಗಾನ ಆಟದ ರೆಕಾರ್ಡಿಂಗ್. ಕಾರಿನ ಸೆಟ್ ಪರೀಕ್ಷಿಸಲು ನಮ್ಮ ಕಡೆಯವರಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಯಾಕೆಂದರೆ ನಿಜವಾದ ಸದ್ದು ಹೇಗಿರುತ್ತದೆ ಅಂತ ನಮಗೆ ಸಣ್ಣವರಿದ್ದಾಗಿನಿಂದ ಗೊತ್ತು. ಚಂಡೆಯ ಪೆಟ್ಟು ಮುಂದಿನಿಂದ ಬರಬೇಕು, ಕಿವಿಗೆ ಚುಚ್ಚಬಾರದು. ಚುಚ್ಚಿದರೆ ಟ್ವೀಟರ್ ಇಳಿಸಿ. ಮದ್ದಳೆ ಡಿಕ್ಕಿಯಿಂದ ಗುಂಯ್‌ಗುಡುತ್ತಿದ್ದರೆ ಸಬ್‌ನ ಲೋ ಪಾಸ್ ಜಾಸ್ತಿಯಾಗಿದೆ, 70ಕ್ಕೆ ಇಳಿಸಿ. ಭಾಗವತರ ದನಿ ಡ್ಯಾಶ್‌ಬೋರ್ಡ್ ನಡುವೆ ನಿಂತು ಹಾಡಿದ ಹಾಗೆ ಕೇಳಬೇಕು. ಮೂರೂ ಸರಿಯಾದರೆ ಸಿನಿಮಾ ಹಾಡು, ಭಜನೆ, ಯಾವುದನ್ನು ಹಾಕಿದರೂ ಸರಿ ಬರುತ್ತದೆ.

ಭಾವ ಕೊನೆಗೆ ತಗೊಂಡದ್ದು 4 ಚಾನೆಲ್ ಡಿ ಆಂಪ್ ಒಂದೇ. ಸೀಟಿನಡಿಯ ಚಪ್ಪಟೆ ಸಬ್‌ಗೆ ಅದರದ್ದೇ ಆಂಪ್ ಇತ್ತು. ಹಾಗಾಗಿ ಉಳಿದೆರಡು ಚಾನೆಲ್ ಟ್ವೀಟರ್‌ಗಳಿಗೆ ಬೇರೆಯಾಗಿ ಕೊಟ್ಟೆವು, ಆಂಪ್‌ನ ಹೈ ಪಾಸ್ ಅಷ್ಟು ಮೇಲಕ್ಕೆ ಹೋಗುತ್ತದೆ ಅಂತ ಪುಸ್ತಕ ನೋಡಿಕೊಂಡೇ. ಗೇನ್ ಗುಂಡಿಗಳ ಜಾಗಕ್ಕೆ ಅತ್ತಿಗೆಯ ಉಗುರುಬಣ್ಣದಿಂದ ಚುಕ್ಕಿ ಇಟ್ಟಿದ್ದೇನೆ. ಮನೆಯ ಹುಡುಗರು ತಿರುಗಿಸಿದರೂ ಮತ್ತೆ ಅಲ್ಲಿಗೇ ತಂದು ನಿಲ್ಲಿಸಬಹುದು. ಮಳೆಗಾಲ ಕಳೆದ ಮೇಲೆ ಅಕ್ಟೋಬರಿನಲ್ಲಿ ಹೋಗಿ ಫ್ಯೂಸ್ ಹೋಲ್ಡರ್ ಬಿಚ್ಚಿ ನೋಡುವುದಿದೆ.